ನೀವು ಈ ವಾರ್ಡಿನವರಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ. ಡಾಕ್ಟರರು ಅದು ಬಿಪಿ ಎನ್ನುತ್ತಾರೆ, ಅಣ್ಣ ಅದು ನಮ್ಮ ಕುಟುಂಬದ ಹೆಂಗಸರ ಗುಣ ಎನ್ನುತ್ತಾನೆ. ಎರಡೂ ಇರಬಹುದು. ಅತ್ತಾವರದ ಬಸ್‌ಸ್ಟ್ಯಾಂಡಿನ ಗಲಾಟೆಯ ಬಗ್ಗೆ ಗೊತ್ತಿದ್ದವರು ಈಗಲೂ ಮಾತಾಡುತ್ತಾರೆ. ಅವರು ಹೇಳುವಾಗೆಲ್ಲ ನಾನು ಆ ಕತೆಯಲ್ಲಿ ಕಾಯಿಲೆಯ ಪಾಪದ ಹೆಂಗಸಾಗಿ ಬರುತ್ತೇನೆ, ಕೇಳಿದವರು ಲೊಚಗುಟ್ಟುತ್ತಾರೆ. ಕಾಯಿಲೆ ಹೌದು, ಪಾಪ ಅಲ್ಲ. ಆದ್ದರಿಂದ ನಾನೇ ಬರೆಯಲು ಕೂತಿದ್ದೇನೆ.

ತೊಕ್ಕೊಟ್ಟು ಜಂಕ್ಷನ್ನಿನ ಹತ್ತಿರ ನಮ್ಮದೊಂದು ಹೋಟೆಲು ಇದೆ. ಅಣ್ಣ ನಡೆಸುತ್ತಾನೆ, ನಾನು ಬೆಳಗಿನ ಹೊತ್ತು ಕ್ಯಾಶಿನಲ್ಲಿ ಕೂರುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ಕೂರುವುದಿಲ್ಲ. ಆ ದಿನಗಳಲ್ಲಿ ಬಸ್ಸು ಹಿಡಿದು, ನೇತ್ರಾವತಿಯ ಸೇತುವೆ ದಾಟಿ, ಅತ್ತಾವರದ ಒಂದು ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇನೆ. ಮೈಯ ರಕ್ತ ಒಂದು ನಳಿಗೆಯಲ್ಲಿ ಹೊರಗೆ ಹೋಗಿ, ಮೆಷಿನಿನಲ್ಲಿ ತೊಳೆದುಕೊಂಡು, ಇನ್ನೊಂದು ನಳಿಗೆಯಲ್ಲಿ ಒಳಗೆ ಬರುವವರೆಗೆ ಎಡಗೈ ಅಲ್ಲಾಡಿಸದೆ ಮಲಗಿರಬೇಕು. ಮಲಗುವುದೊಂದೇ ಕೆಲಸವಾದರೂ ಅದರಷ್ಟು ಸುಸ್ತು ಮಾಡುವ ಕೆಲಸ ನನ್ನ ಜನ್ಮದಲ್ಲಿ ಬೇರೆ ಮಾಡಿಲ್ಲ.

ಮುಗಿದು ಎದ್ದಾಗ ಮೈ ಒಗೆದು ಹಿಂಡಿದ ಬಟ್ಟೆಯ ಹಾಗೆ ಇರುತ್ತದೆ. ಕಾಲಿನಲ್ಲಿ ಸೆಳೆತ, ಕಣ್ಣಿಗೆ ಕತ್ತಲೆ. ಸೂಜಿ ತೆಗೆದ ಜಾಗವನ್ನು ಒತ್ತಿಕೊಂಡು ಸ್ವಲ್ಪ ಹೊತ್ತು ಕೂತು, ಗೋಡೆ ಹಿಡಿದು ಹೊರಗೆ ಬಂದರೆ ಗೇಟಿನ ಎದುರೇ ಬಸ್‌ಸ್ಟ್ಯಾಂಡು. ಮೇಲೆ ತಗಡಿನ ಮಾಡು, ಕೆಳಗೆ ಸಿಮೆಂಟಿನ ಕಟ್ಟೆ, ಅಷ್ಟೇ. ಆದರೆ ಅದು ಗೇಟಿನ ಎದುರಿಗೆ ಇತ್ತು, ನನಗೆ ಬೇಕಾಗಿದ್ದದ್ದೂ ಅಷ್ಟೇ. ನಮ್ಮ ಲೈನಿನ ಕಂಡಕ್ಟರುಗಳಿಗೆಲ್ಲ ನನ್ನ ಮುಖ ಗೊತ್ತು. ಹೋಗುವಾಗ "ಮೆಲ್ಲ ಜಪ್ಪುಲೆ ಅಕ್ಕ" ಎಂದು ತುಳುವಿನಲ್ಲಿ ಹೇಳಿ, ನಾನು ಮೆಲ್ಲಗೆ ಇಳಿದು ನೆಲದಲ್ಲಿ ನಿಲ್ಲುವವರೆಗೆ ವಿಸಿಲ್ ಹಾಕುವುದಿಲ್ಲ. ಬರುವಾಗ ಎದುರಿನ ಸೀಟಿನಲ್ಲಿ ಕೂತ ಕಾಲೇಜು ಹುಡುಗರನ್ನು ಒಂದು ನೋಟದಲ್ಲೇ ಎಬ್ಬಿಸುತ್ತಾರೆ.

ಮನೆಯಲ್ಲಿ ಕಾರು ಇಲ್ಲವೆಂದಲ್ಲ. ಕಾರು ಉಂಟು, ಡ್ರೈವರ್ ಉಂಟು, ನೀನು ಯಾಕೆ ಬಸ್ಸಿನಲ್ಲಿ ನೇತಾಡುವುದು ಎಂದು ಅಣ್ಣ ಮೊದಲ ದಿನದಿಂದ ಹೇಳುತ್ತಿದ್ದಾನೆ. ಅವನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ಕಾಯಿಲೆ ಬಂದ ಮೇಲೆ ಎಷ್ಟು ನೀರು ಕುಡಿಯಬೇಕೆಂಬುದು ಕೂಡ ನನ್ನ ಕೈಯಲ್ಲಿಲ್ಲ. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಉಪ್ಪಿನಕಾಯಿಯಂತೂ ಕಣ್ಣಿನಲ್ಲಿ ನೋಡಬೇಕು. ಮದುವೆಗೆ ಹೋದರೆ ನನ್ನ ಎಲೆಯನ್ನು ಇಡೀ ಸಾಲು ಕಾವಲು ಕಾಯುತ್ತದೆ. ಇಷ್ಟರ ನಡುವೆ ನಾನೇ ಹೊರಟು, ನಾನೇ ಟಿಕೆಟು ತೆಗೆದು, ಸೇತುವೆಯ ಮೇಲೆ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂರುವುದೊಂದು ಉಳಿದಿತ್ತು. ಅದನ್ನು ಕೂಡ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುವವರು ಒಬ್ಬರು ಬ್ಯಾರಿ ಮುಸ್ಲಿಂ ಹೆಂಗಸು. ಅವರೂ ತೊಕ್ಕೊಟ್ಟಿನವರೇ, ಗಂಡನದು ಚಪ್ಪಲಿಯ ಅಂಗಡಿ, ಮಗ ದುಬಾಯಿಯಲ್ಲಿ. ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಬೈದುಕೊಳ್ಳುವುದೂ ತುಳುವಿನಲ್ಲಿ. ನಾನು ನರ್ಸುಗಳ ಮೇಲೆ ರೇಗಿದಾಗ ಅವರು ತಲೆಯ ಶಾಲು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ಬಸ್ಸಿನಲ್ಲಿ ಒಟ್ಟಿಗೆ ಬರುತ್ತೇವೆ, ಒಟ್ಟಿಗೆ ಹೋಗುತ್ತೇವೆ. ಅವರ ಮನೆಯಲ್ಲಿ ಕಾರಿಲ್ಲ.

ಒಂದು ಶುಕ್ರವಾರ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಪಾಲಿಕೆಯ ಕಾಗದ ಅಂಟಿಸಿದ್ದರು. ಸಿಟಿ ಬಸ್ಸುಗಳು ಇನ್ನು ಕಿರಿದಾದ ಒಳರಸ್ತೆಗಳಿಗೆ ಬರಬಾರದು, ಅಲ್ಲಿನ ತಂಗುದಾಣಗಳನ್ನೆಲ್ಲ ಮುಖ್ಯರಸ್ತೆಗೆ ಸಾಗಿಸಬೇಕು ಎಂಬ ಕರಡು ನೀತಿಯೊಂದು ತಯಾರಾಗಿದೆಯಂತೆ. ಅದರ ಬಗ್ಗೆ ವಾರ್ಡಿಗೊಂದು ಸಭೆ ನಡೆಯುತ್ತದೆ, ಸಾರ್ವಜನಿಕರು ಬಂದು ಅಭಿಪ್ರಾಯ ಹೇಳಬಹುದು ಎಂದಿತ್ತು. ನಮ್ಮ ಬಸ್‌ಸ್ಟ್ಯಾಂಡು ಆಸ್ಪತ್ರೆಯ ಎದುರಿನ ಏರಿನ ತುದಿಗೆ, ಮುಖ್ಯರಸ್ತೆಯ ತಿರುವಿಗೆ ಹೋಗುವುದೆಂದು ನಕ್ಷೆಯಲ್ಲಿ ಬಾಣ ಹಾಕಿ ತೋರಿಸಿದ್ದರು. ಬಾಣ ನೋಡಲು ಚಿಕ್ಕದೇ. ಆದರೆ ಆ ಏರನ್ನು ಡಯಾಲಿಸಿಸ್ ಆದ ಮೇಲೆ ಹತ್ತುವುದೆಂದರೆ ಎಂತ ಎಂದು ನನಗೂ ಈ ಗೆಳತಿಗೂ ಗೊತ್ತಿತ್ತು. ಇಬ್ಬರೂ ಕತ್ತೆತ್ತಿ ಮೇಲೆ ನೋಡಿದೆವು.

ಅಭಿಪ್ರಾಯ ಕೇಳಿದ್ದಾರಲ್ಲ, ಹೇಳಿದರಾಯಿತು ಎಂದೇ ನಾನು ಅಂದುಕೊಂಡದ್ದು. ಸರಕಾರ ನಮ್ಮನ್ನು ಕೇಳುವುದೇ ಅಪರೂಪ. ಅಂಥದ್ದರಲ್ಲಿ ಕೇಳಿದಾಗ ಚೆನ್ನಾಗಿ, ಕ್ರಮವಾಗಿ ಹೇಳಬೇಕು ಎಂದು ನಾವೆಲ್ಲ ತಯಾರಿಗೆ ಇಳಿದೆವು. ನಾವೆಲ್ಲ ಎಂದರೆ ಆ ಬಸ್‌ಸ್ಟ್ಯಾಂಡನ್ನು ನಂಬಿದವರು: ನಾವಿಬ್ಬರು, ಆಸ್ಪತ್ರೆಗೆ ಬರುವ ಇನ್ನು ಕೆಲವರು, ಒಂದಿಷ್ಟು ನರ್ಸಿಂಗ್ ವಿದ್ಯಾರ್ಥಿನಿಯರು. ವಾರ್ಡ್ ಸಮಿತಿಯ ಸಂಚಾಲಕರು ಬ್ಯಾಂಕಿನಿಂದ ನಿವೃತ್ತರಾದವರು, ಬಸ್‌ಸ್ಟ್ಯಾಂಡಿಗೆ ತಾಗಿದ ಮನೆಯವರು, ಬಹಳ ಮರ್ಯಾದೆಯ ಮನುಷ್ಯ. ಸಭೆಯನ್ನು ಚಂದ ಮಾಡುವ ಎಂದರು ಅವರು. ಆ ಮಾತು ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು.

ನಮ್ಮ ಜಿಲ್ಲೆಯ ಜನರಿಗೆ ಒಂದು ಚಾಳಿ ಉಂಟು. ನಾಲ್ಕು ಮಂದಿ ಒಂದು ಕಡೆ ಸೇರಿದರೆ ನಮಗೆ ಅದು ಸಭಾ ಕಾರ್ಯಕ್ರಮವೇ ಆಗಬೇಕು. ವೇದಿಕೆ ಬೇಕು, ಬ್ಯಾನರ್ ಬೇಕು, ಪ್ರಾರ್ಥನೆ ಹೇಳಲು ಇಬ್ಬರು ಹುಡುಗಿಯರು ಬೇಕು. ದೀಪ ಬೆಳಗಿಸಬೇಕು, ಸ್ವಾಗತಿಸಬೇಕು, ಪ್ರಾಸ್ತಾವಿಕ ಮಾತಾಡಬೇಕು, ಅತಿಥಿಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡಬೇಕು, ಕೊನೆಗೆ ಒಬ್ಬರು ವಂದಿಸಬೇಕು. ಚರಂಡಿಯ ವಿಷಯವಾದರೂ ಸರಿ, ಸಾಹಿತ್ಯವಾದರೂ ಸರಿ, ಕ್ರಮ ತಪ್ಪುವ ಹಾಗಿಲ್ಲ. ಬಂದವರನ್ನು ಮೊದಲು ಗೌರವಿಸಿ ಆಮೇಲೆ ಜಗಳ ಮಾಡುವ ಎಂಬುದು ನಮ್ಮ ಲೆಕ್ಕ. ಆ ಶಾಲಿಗೆ ನಾವು ಕೂಡ ಪಾಲು ಹಾಕಿದೆವು. ಗೌರವ ಕೊಟ್ಟರೆ ಅಭಿಪ್ರಾಯ ಕೇಳಲು ಬರುವ ಪಾಲಿಕೆಯ ಇಂಜಿನಿಯರರ ಮನಸ್ಸು ಮೆತ್ತಗಾಗುತ್ತದೆ ಎಂದು ನನ್ನ ಗೆಳತಿ ಹೇಳಿದರು, ನಾನೂ ತಲೆಯಾಡಿಸಿದೆ.

ಸಭೆಯ ದಿನ ಸಭಾಂಗಣದಲ್ಲಿ ಎಲ್ಲವೂ ಚಂದವಾಗಿಯೇ ನಡೆಯಿತು. ಇಂಜಿನಿಯರರು ಘಟ್ಟದ ಮೇಲಿನವರು, ನಡುವಯಸ್ಸಿನವರು, ನಮ್ಮ ಉಪಚಾರಕ್ಕೆ ಸ್ವಲ್ಪ ಗಾಬರಿಯಾದ ಹಾಗೆ ಕಂಡರು. ಸ್ವಾಗತ ಮಾಡಿದವರು ನಗರದ ಅಭಿವೃದ್ಧಿಯ ಬಗ್ಗೆ ದೀರ್ಘವಾಗಿ ಮಾತಾಡಿದರು. ರೋಗಿಗಳ ಪರವಾಗಿ ಹಣ್ಣಿನ ಬುಟ್ಟಿ ಕೊಡಲು ನನ್ನನ್ನು ವೇದಿಕೆಗೆ ಕರೆದರು. ಬುಟ್ಟಿಯಲ್ಲಿದ್ದ ಒಂದು ಹಣ್ಣನ್ನೂ ನಾನು ತಿನ್ನುವ ಹಾಗಿಲ್ಲ ಎಂದು ಯೋಚಿಸಿ ನನಗೆ ನಗು ಬಂತು, ಅದೇ ಹೊತ್ತಿಗೆ ಫೋಟೋ ತೆಗೆದರು. ಅತಿಥಿಗಳ ಭಾಷಣವೆಲ್ಲ ಆದ ಮೇಲೆ ಸಾರ್ವಜನಿಕರು ಮಾತಾಡಬಹುದು ಎಂದು ಮೈಕು ಕೆಳಗೆ ಬಂತು. ಆಗ ಇಂಜಿನಿಯರರು ವಾಚು ನೋಡುತ್ತಿದ್ದರು.

ಇನ್ನೊಂದು ತೊಂದರೆಯನ್ನೂ ಹೇಳಬೇಕು. ನಮಗೆ ಸಿಟ್ಟು ಬರುವುದು ತುಳುವಿನಲ್ಲಿ. ಮೈಕು ಹಿಡಿದರೆ ಕನ್ನಡ ಮಾತಾಡಬೇಕು, ಆ ಕನ್ನಡವನ್ನು ನಾವು ಕಲಿತದ್ದು ಶಾಲೆಯಲ್ಲಿ, ಟೀಚರರ ಎದುರು ಕೈಕಟ್ಟಿ ನಿಂತು. ಆದ್ದರಿಂದ ಮನಸ್ಸಿನಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬರುವಾಗ ತಣ್ಣಗಾಗಿ, ಮಾನ್ಯರು ದಯವಿಟ್ಟು ಪರಿಶೀಲಿಸಬೇಕೆಂದು ಕೇಳಿಕೊಳ್ಳುತ್ತೇವೆ ಎಂದಾಯಿತು. ಇಂಜಿನಿಯರರು ಪರಿಶೀಲಿಸುವುದಾಗಿ ಹೇಳಿ ಎದ್ದರು. ವಂದನಾರ್ಪಣೆ ಆಯಿತು. ಎಲ್ಲರಿಗೂ ಬಿಸಿ ಗೋಳಿಬಜೆ, ಕಾಫಿ.

ಎರಡು ದಿನ ಬಿಟ್ಟು ಪೇಪರಿನ ಸ್ಥಳೀಯ ಪುಟದಲ್ಲಿ ಫೋಟೋ ಬಂತು. ಶಾಲು ಹೊದ್ದ ಇಂಜಿನಿಯರರು, ಪಕ್ಕದಲ್ಲಿ ಬುಟ್ಟಿ ಹಿಡಿದು ಹಲ್ಲುಬಿಟ್ಟ ನಾನು. ತಂಗುದಾಣಗಳ ಸ್ಥಳಾಂತರದ ಯೋಜನೆ ರೂಪಿಸಿದ ಅಧಿಕಾರಿಗೆ ನಾಗರಿಕರಿಂದ ಸನ್ಮಾನ ಎಂದು ಕೆಳಗೆ ಬರೆದಿತ್ತು. ಹೋಟೆಲಿಗೆ ಬಂದವರೆಲ್ಲ ಪೇಪರು ತೋರಿಸಿ ಫೋಟೋ ಚೆನ್ನಾಗಿ ಬಂದಿದೆ ಎಂದರು. ನಾನು ಚಿಲ್ಲರೆ ಎಣಿಸುವುದನ್ನು ಬಿಟ್ಟು ಎದ್ದು ಒಳಗೆ ಹೋದೆ. ನಮ್ಮ ಕುತ್ತಿಗೆಗೆ ನಾವೇ ಶಾಲು ಬಿಗಿದುಕೊಂಡದ್ದು ನನಗೆ ಆಗ ಅರ್ಥವಾಯಿತು, ಮೈಯೆಲ್ಲ ಉರಿಯಿತು.

ಮುಂದಿನ ಮಂಗಳವಾರ ಬಸ್‌ಸ್ಟ್ಯಾಂಡಿನ ಕಂಬಗಳಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಕೀಳಲಿಕ್ಕೆ ಎಂದು ಪಕ್ಕದ ರಿಕ್ಷಾದವರು ಹೇಳಿದರು. ನನ್ನ ಗೆಳತಿ ಕಟ್ಟೆಯಲ್ಲಿ ಕೂತರು. ಆಮೇಲೆ ನೆಲ ನೋಡುತ್ತಾ ಹೇಳಿದರು: "ಅಕ್ಕ, ನಾನು ಇನ್ನು ವಾರಕ್ಕೆ ಒಂದೇ ಸಲ ಬರ್ತೇನೆ. ಆ ಏರು ನನ್ನಿಂದ ಆಗುದಿಲ್ಲ. ಪ್ರತಿ ಸಲ ರಿಕ್ಷಾ ಅಂತ ಮನೆಯಲ್ಲಿ ಇವರ ಹತ್ರ ಹೇಳ್ಲಿಕ್ಕೂ ಆಗುದಿಲ್ಲ."

ಡಯಾಲಿಸಿಸ್ ಒಂದು ಸಲ ಬಿಟ್ಟರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲು ಊದುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಮಲಗಲು ಆಗುವುದಿಲ್ಲ. ಬಿಟ್ಟವರ ಹಾಸಿಗೆಯಲ್ಲಿ ಒಂದು ದಿನ ಹೊಸಬರು ಮಲಗಿರುತ್ತಾರೆ, ನಾವು ಯಾರೂ ಕೇಳುವುದಿಲ್ಲ. ಅವರು ಅದನ್ನು ಮಾರ್ಕೆಟಿಗೆ ಹೋಗುವುದನ್ನು ಕಡಿಮೆ ಮಾಡುವ ಹಾಗೆ ಹೇಳಿದರು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ತಲೆ ಸರಿ ಉಂಟಾ ಮಾರಾಯ್ತಿ ಎಂದು ಬೈದೆ. ಬೈದದ್ದು ಅವರಿಗಲ್ಲ ಎಂದು ಅವರಿಗೆ ಗೊತ್ತಿತ್ತು, ನನ್ನ ಕೈ ಹಿಡಿದುಕೊಂಡರು.

ಮರುದಿನ ನಾನು ಪಾಲಿಕೆಯ ಕಚೇರಿಗೆ ಹೋದೆ. ಇಂಜಿನಿಯರರು ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟರು, ಚಾ ತರಿಸಿದರು. ನಾನು ವಿಷಯ ಹೇಳಿದಾಗ ಅವರ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯ ಕಂಡಿತು. ಸಭೆ ಆಗಿದೆ, ಯಾರೂ ವಿರೋಧ ಮಾಡಿಲ್ಲ, ಮನವಿಗಳನ್ನು ದಾಖಲು ಮಾಡಿಕೊಂಡಿದ್ದೇವೆ, ನೀವೇ ಸನ್ಮಾನ ಮಾಡಿದ್ದೀರಲ್ಲ ಮೇಡಂ ಎಂದರು. ಆಮೇಲೆ ಅವರು ನನ್ನ ವಿಳಾಸ ಕೇಳಿದರು. ತೊಕ್ಕೊಟ್ಟು ಎಂದೆ. ಅವರಿಗೆ ಸಮಾಧಾನವಾದ ಹಾಗೆ ಕಂಡಿತು.

"ಹಾಗಾದ್ರೆ ನೀವು ಈ ವಾರ್ಡಿನೋರೇ ಅಲ್ಲ ಮೇಡಂ. ಪಾಲಿಕೆ ವ್ಯಾಪ್ತಿಗೂ ಬರಲ್ಲ. ಇದು ವಾರ್ಡ್ ನಿವಾಸಿಗಳ ಅಭಿಪ್ರಾಯ ತಗೊಳ್ಳೋ ಪ್ರಕ್ರಿಯೆ."

ಆ ಹೊತ್ತಿಗೆ ನನ್ನ ಶಾಲೆಯ ಕನ್ನಡ ಎಲ್ಲಿಗೋ ಹೋಯಿತು. "ಮನೆ ತೊಕ್ಕೊಟ್ಟಿನಲ್ಲಿ ಉಂಟು ಸರ್. ನನ್ನ ರಕ್ತ ತೊಳೆಯುವುದು ನಿಮ್ಮ ವಾರ್ಡಿನಲ್ಲಿ. ಹಾಗಾದರೆ ನಾನು ಎಲ್ಲಿಯವಳು, ನೀವೇ ಹೇಳಿ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅತ್ತಾವರದವರು ಯಾಕೆ ಕೂರುತ್ತಾರೆ, ಅವರ ಮನೆ ಅಲ್ಲೇ ಉಂಟಲ್ಲ ಎಂದು ಕೇಳಿದೆ. ಬಸ್ಸು ಬೇಕಾದವರೆಲ್ಲ ಹೊರಗಿನವರು, ಅಭಿಪ್ರಾಯ ಕೇಳುವುದು ಮಾತ್ರ ಬಸ್ಸು ಬೇಡದವರ ಹತ್ತಿರ. ಇದು ಯಾವ ನ್ಯಾಯ ಎಂದೂ ಕೇಳಿದೆ. ನನ್ನ ಧ್ವನಿ ದೊಡ್ಡದಾಗಿರಬೇಕು, ಹೊರಗಿನಿಂದ ಒಬ್ಬರು ಇಣುಕಿ ನೋಡಿದರು. ವಾರ್ಡ್ ಸಮಿತಿಯೇ ಇನ್ನೊಮ್ಮೆ ಸಭೆ ಕರೆದರೆ ತಾನು ಬರುವುದಾಗಿ ಇಂಜಿನಿಯರರು ಹೇಳಿದರು. ಚಾ ಹಾಗೆಯೇ ಉಳಿಯಿತು. ಆ ದಿನದ ನನ್ನ ನೀರಿನ ಪಾಲು ಮುಗಿದಿತ್ತು.

ಅಲ್ಲಿಂದ ನೇರ ಸಂಚಾಲಕರ ಮನೆಗೆ ಹೋದೆ. ಅವರನ್ನು ತರಾಟೆಗೆ ತೆಗೆದುಕೊಳ್ಳುವ ಉದ್ದೇಶವಿತ್ತು. ಆದರೆ ನಾನು ಅವರ ಜಗಲಿಯಲ್ಲಿ ಕೂತಿದ್ದಾಗಲೇ ಒಂದು ಬಸ್ಸು ಬಂದು ಅವರ ಗೇಟಿಗೆ ಸರಿಯಾಗಿ ಅಡ್ಡ ನಿಂತು ಹಾರ್ನು ಹಾಕಿತು. ಅದರ ಹಿಂದೆ ಇನ್ನೊಂದು. ಒಳಗೆ ಅವರ ಹೆಂಡತಿ ಕಿಟಕಿ ಮುಚ್ಚಿದ ಸದ್ದು ಕೇಳಿತು. ದಿನವಿಡೀ ಹೀಗೆ, ಕಾರು ಹೊರಗೆ ತೆಗೆಯಬೇಕಾದರೆ ಡ್ರೈವರಿನ ಕಾಲು ಹಿಡಿಯಬೇಕು, ನೀವೇ ನೋಡಿ ಎಂದರು ಅವರು. ನೋಡಿದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದು ನನಗೆ ಇಷ್ಟವಾಗದಿದ್ದರೂ ಒಪ್ಪಬೇಕಾಯಿತು. ಬಸ್ಸು ಗೇಟು ಬಿಟ್ಟು ಸ್ವಲ್ಪ ಮುಂದೆ ನಿಲ್ಲುವ ಹಾಗೆ ಮಾಡುವುದು ನನ್ನ ಜವಾಬ್ದಾರಿ ಎಂದೆ. ನನ್ನ ಗೆಳತಿ ಒಂದು ಡಯಾಲಿಸಿಸ್ ಬಿಡಲು ತೀರ್ಮಾನ ಮಾಡಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಸಭೆ ಕರೆಯಲು ಒಪ್ಪಿದರು. ಆದರೆ ಸಭೆ ಬಸ್‌ಸ್ಟ್ಯಾಂಡಿನಲ್ಲೇ ಆಗಬೇಕು, ಮುಂದಿನ ವಾರದ ಶುಕ್ರವಾರ ನಮ್ಮ ಡಯಾಲಿಸಿಸ್ ಮುಗಿಯುವ ಹೊತ್ತಿಗೇ ಆಗಬೇಕು ಎಂದಾಗ ಅವರಿಗೆ ಕಸಿವಿಸಿಯಾಯಿತು. ವೇದಿಕೆ ಇಲ್ಲ, ಮೈಕು ಇಲ್ಲ, ಸ್ವಾಗತವೂ ಇಲ್ಲವೆಂದರೆ ಅದು ಎಂಥ ಸಭೆ ಎಂಬುದು ಅವರ ಕಷ್ಟ. ಅತಿಥಿಗಳನ್ನು ಎಲ್ಲಿ ಕೂರಿಸುವುದು ಎಂದು ಕೇಳಿದರು. ನಾವು ಕೂರುವಲ್ಲಿ ಎಂದೆ.

ಆ ವಾರವೆಲ್ಲ ನಾನು ಕಂಡಕ್ಟರುಗಳ ಹಿಂದೆ ಬಿದ್ದೆ. ಕಷಾಯ ಕುಡಿದ ಹಾಗೆ ಮುಖ ಮಾಡಿದರೂ ಅವರು ನನ್ನ ಮಾತು ತೆಗೆದುಹಾಕಲಿಲ್ಲ. ಶುಕ್ರವಾರ ಬೆಳಿಗ್ಗೆ ನಾವು ಇಳಿದಾಗ ಬಸ್ಸು ಸಂಚಾಲಕರ ಗೇಟು ದಾಟಿ ನಿಂತಿತ್ತು. ಹಾರ್ನು ಇರಲಿಲ್ಲ. ಗೇಟಿನ ಒಳಗಿನಿಂದ ಅವರ ಹೆಂಡತಿ ನೋಡುತ್ತಿದ್ದರು, ನಾನು ಕೈಯೆತ್ತಿದೆ.

ಮಧ್ಯಾಹ್ನ ನಾವು ಹೊರಗೆ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಜನ ಸೇರಿದ್ದರು. ವಾರ್ಡಿನವರು ಕೆಲವರು, ರಿಕ್ಷಾದವರು, ನರ್ಸಿಂಗ್ ಹುಡುಗಿಯರು. ಇಂಜಿನಿಯರರ ಜೀಪು ಬಂತು. ಅವರು ಕಟ್ಟೆಯ ಮೇಲೆ ಕೂತರು, ತಗಡಿನ ಬಿಸಿ ತಲೆಗೆ ತಾಗಿ ಕರವಸ್ತ್ರ ತೆಗೆದರು. ನಿಮ್ಮ ಅಭಿಪ್ರಾಯ ಹೇಳಿ ಎಂದರು. ನಾನು ಒಂದು ಒಳ್ಳೆಯ ಭಾಷಣ ತಯಾರು ಮಾಡಿಕೊಂಡಿದ್ದೆ, ರಾತ್ರಿ ಅಣ್ಣನ ಎದುರು ಹೇಳಿಯೂ ನೋಡಿದ್ದೆ. ಆದರೆ ಬಾಯಿ ತೆರೆದಾಗ ಆ ಮಾನ್ಯರು, ದಯವಿಟ್ಟು ಎಲ್ಲ ನಾಲಗೆಯ ತುದಿಗೆ ಬಂದು ನಿಂತದ್ದು ಗೊತ್ತಾಯಿತು. ಹಾಗೆಯೇ ನುಂಗಿದೆ.

"ಹೇಳ್ಲಿಕ್ಕೆ ನನಗೆ ಶ್ವಾಸ ಇಲ್ಲ ಸರ್. ನೀವು ಹಾಕಿದ ಬಾಣದ ಮೇಲೆ ನಡೆದು ತೋರಿಸ್ತೇನೆ. ನೀವೂ ಬನ್ನಿ" ಎಂದೆ.

ಬೇಡ ಮೇಡಂ, ಬಿಸಿಲು ಉಂಟು, ಏನಾದರೂ ಆದರೆ ಕಷ್ಟ ಎಂದು ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ನಾನು ಹೊರಟಾಗಿತ್ತು. ನನ್ನ ಗೆಳತಿಯೂ ಎದ್ದರು. ಬೇಡವೆಂದು ಕಣ್ಣು ಮಾಡಿದರೂ ಕೇಳಲಿಲ್ಲ. ಫುಟ್‌ಪಾತ್ ಎಂದು ಹೆಸರಿಗಿದ್ದದ್ದರ ಮೇಲೆ ಬೈಕುಗಳು ನಿಂತಿದ್ದವು. ಚರಂಡಿಯ ಚಪ್ಪಡಿ ಒಂದು ಇತ್ತು, ಒಂದು ಇರಲಿಲ್ಲ. ರಸ್ತೆಗೆ ಇಳಿದು, ವಾಹನ ಬಂದಾಗ ಗೋಡೆಗೆ ಒರಗಿ, ಮತ್ತೆ ಇಳಿದು ಹೋಗಬೇಕು. ಕಾಲಿನ ಸೆಳೆತ ಮೊಣಕಾಲಿನವರೆಗೆ ಬಂತು. ಸಂಚಾಲಕರು ಕೊಡೆ ಬಿಡಿಸಿ ನನ್ನ ಪಕ್ಕದಲ್ಲಿ ನಡೆದರು. ಕೈ ಹಿಡಿಯಲು ಬಂದಾಗ ಬೇಡ ಎಂದೆ, ಆಮೇಲೆ ಅವರು ಕೊಡೆಯನ್ನು ಮಾತ್ರ ಹಿಡಿದರು.

ಏರಿನ ಅರ್ಧದಲ್ಲಿ ನನ್ನ ಗೆಳತಿ ಒಂದು ಕಾಂಪೌಂಡಿನ ನೆರಳಿನಲ್ಲಿ ಕೂತುಬಿಟ್ಟರು. ಮುಖ ಬಿಳಿಚಿತ್ತು, ಹಣೆಯ ಬೆವರಿಗೆ ತಲೆಯ ಶಾಲು ಅಂಟಿಕೊಂಡಿತ್ತು. ನರ್ಸಿಂಗ್ ಹುಡುಗಿಯೊಬ್ಬಳು ಓಡಿ ಬಂದು ನಾಡಿ ಹಿಡಿದು ನೋಡಿದಳು. ಇಂಜಿನಿಯರರು ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತರು, ಡ್ರೈವರಿಗೆ ಜೀಪು ತರಲು ಕೂಗಿ ಹೇಳಿದರು. ಆ ಮನುಷ್ಯ ನಿಜವಾಗಿ ಹೆದರಿದ್ದರು.

"ಸಾಕು ಮೇಡಂ, ಅರ್ಥ ಆಯ್ತು" ಎಂದರು ನನ್ನ ಕಡೆ ತಿರುಗಿ.

"ನಿಮಗೆ ಅರ್ಥ ಆಗಿರಬಹುದು ಸರ್. ನನ್ನ ಅಭಿಪ್ರಾಯ ಇನ್ನೂ ಮೇಲೆ ಮುಟ್ಟಲಿಲ್ಲ."

ಜೀಪು ಬಂದಾಗ ನನ್ನ ಗೆಳತಿ ಹತ್ತಿ ಕೂತರು. ನಾನು ನಡೆಯುತ್ತಿರುವಾಗ ತಾನು ಹತ್ತುವುದು ಸರಿಯೋ ಎಂಬ ಯೋಚನೆ ಅವರ ಹತ್ತಿರವೂ ಸುಳಿಯಲಿಲ್ಲ. ಹಟ ನಿಮಗಿರಲಿ ಅಕ್ಕ, ನನಗೆ ಜೀಪು ಸಾಕು ಎಂದು ತುಳುವಿನಲ್ಲಿ ಹೇಳಿದರು. ಆ ಸ್ಥಿತಿಯಲ್ಲೂ ನನಗೆ ನಗು ಬಂತು. ನಗುತ್ತಲೇ ಉಳಿದ ಏರು ಹತ್ತಿದೆ. ಹತ್ತಿದೆ ಎನ್ನುವುದು ಸುಲಭ. ಹೇಗೆ ಹತ್ತಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ, ಸಂಚಾಲಕರ ಚಪ್ಪಲಿಯ ಸದ್ದು ಮಾತ್ರ ನೆನಪಿದೆ.

ಮುಖ್ಯರಸ್ತೆಯ ತಿರುವಿನಲ್ಲಿ ಕೂರಲು ಏನೂ ಇರಲಿಲ್ಲ. ಒಂದು ಲೈಟುಕಂಬ ಹಿಡಿದು ನಿಂತೆ. ಉಸಿರು ಎಳೆದುಕೊಳ್ಳುತ್ತಾ ಇಂಜಿನಿಯರರು ಬಂದರು, ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ತೋಳಿನ ಬ್ಯಾಂಡೇಜಿನಲ್ಲಿ ರಕ್ತ ಸ್ವಲ್ಪ ಕಾಣಿಸಿಕೊಂಡಿತ್ತು, ಅವರು ಅದನ್ನೇ ನೋಡುತ್ತಿದ್ದರು. ಜೀಪಿನಲ್ಲಿ ತೊಕ್ಕೊಟ್ಟಿನವರೆಗೆ ಬಿಡುತ್ತೇನೆ, ದಯವಿಟ್ಟು ಹತ್ತಿ ಎಂದರು. ಆಗ ನಾನು ಹೇಳಿದ ಮಾತನ್ನು ಸಂಚಾಲಕರು ಆಮೇಲೆ ಎಷ್ಟೋ ಮಂದಿಗೆ ಹೇಳಿದ್ದಾರೆ, ಸ್ವಲ್ಪ ಅಲಂಕಾರ ಮಾಡಿ. ನಾನು ಹೇಳಿದ್ದು ಇಷ್ಟೇ:

"ನನ್ನನ್ನು ಮನೆಗೆ ಮುಟ್ಟಿಸುವುದು ನಿಮ್ಮ ಕೆಲಸ ಅಲ್ಲ ಸರ್. ಬಸ್ಸನ್ನು ಗೇಟಿಗೆ ಮುಟ್ಟಿಸುವುದು ನಿಮ್ಮ ಕೆಲಸ."

ಆ ತಿರುವಿನಲ್ಲಿ ಬಸ್ಸು ಇನ್ನೂ ನಿಲ್ಲುತ್ತಿರಲಿಲ್ಲ, ಹಾಗಾಗಿ ಬಸ್ಸಿಗೆ ಮತ್ತೆ ಆಸ್ಪತ್ರೆಯ ಗೇಟಿಗೇ ಇಳಿಯಬೇಕಾಯಿತು. ಇಳಿದೆ, ಅವರೂ ನನ್ನ ಹಿಂದೆ ನಡೆದೇ ಇಳಿದರು. ಕೆಳಗೆ ಬಂದ ಮೇಲೆ ಕಟ್ಟೆಯಲ್ಲಿ ಕೂತು ಬರೆಯತೊಡಗಿದರು. ಸಾರ್ವಜನಿಕರು ಮನವಿ ಮಾಡಿದರು ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ವಿರೋಧಿಸಿದರು ಎಂದು ತಿದ್ದಿಸಿದೆ. ಅವರು ಬೇಸರಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನೀತಿ ತಿದ್ದುಪಡಿಯಾಗಿ ಬಂತು. ಆಸ್ಪತ್ರೆ ಇರುವ ಒಳರಸ್ತೆಗಳಿಂದ ಬಸ್ ತಂಗುದಾಣ ತೆಗೆಯುವ ಹಾಗಿಲ್ಲ ಎಂಬ ಒಂದು ವಾಕ್ಯ ಸೇರಿತ್ತು. ಅದು ಅತ್ತಾವರಕ್ಕೆ ಮಾತ್ರವಲ್ಲ, ಇಡೀ ನಗರಕ್ಕೆ. ನನ್ನ ಗೆಳತಿ ಮಂಗಳವಾರವೂ ಬರುತ್ತಾರೆ, ಶುಕ್ರವಾರವೂ ಬರುತ್ತಾರೆ, ನನ್ನ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಾರೆ. ಆದರೆ ನಾನು ಕೇಳಿದ ಇನ್ನೊಂದನ್ನು ಪಾಲಿಕೆಯವರು ಕೊಡಲಿಲ್ಲ. ತಂಗುದಾಣದ ಬಗ್ಗೆ ಅದನ್ನು ಬಳಸುವವರ ಅಭಿಪ್ರಾಯ ಕೇಳಿ, ಅವರ ಮನೆ ಯಾವ ವಾರ್ಡಿನಲ್ಲಾದರೂ ಇರಲಿ ಎಂದಿದ್ದೆ. ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲವಂತೆ. ನಿಯಮ ಆಕಾಶದಿಂದ ಬಿದ್ದದ್ದಲ್ಲ. ಯಾರೋ ಕೂತು ಬರೆದದ್ದು, ಯಾರಾದರೂ ಕೂತು ತಿದ್ದಬಹುದು.

ಈ ವಾರ ನಗರದ ಇನ್ನೊಂದು ಕಡೆ, ಕೊಟ್ಟಾರದಲ್ಲಿ ಇಂಥದ್ದೇ ಸಭೆ ಉಂಟು. ಅಲ್ಲಿ ತಂಗುದಾಣವನ್ನು ಹೆದ್ದಾರಿಯ ಆಚೆ ಬದಿಗೆ ಒಯ್ಯುತ್ತಾರಂತೆ, ಮನೆಗೆಲಸಕ್ಕೆ ಬರುವ ಹೆಂಗಸರು ಲಾರಿಗಳ ನಡುವೆ ರಸ್ತೆ ದಾಟಬೇಕಂತೆ. ಅವರಲ್ಲೊಬ್ಬರು ನನ್ನ ವಿಷಯ ಕೇಳಿ ಹೋಟೆಲಿಗೆ ಫೋನು ಮಾಡಿದ್ದರು. ನಾನು ಹೊರಡುವುದನ್ನು ನೋಡಿ ಅಣ್ಣ ಬಾಗಿಲಿಗೆ ಬಂದ. ಕೊಟ್ಟಾರಕ್ಕೂ ನಿನಗೂ ಎಂತ ಸಂಬಂಧ, ಅಲ್ಲಿ ನಿನಗೆ ಆಸ್ಪತ್ರೆಯೂ ಇಲ್ಲ, ಮನೆಯೂ ಇಲ್ಲ, ಮೈಯಲ್ಲಿ ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಊರಿನ ಜಗಳ ಯಾಕೆ, ಹೇಳಿದ ಮಾತು ಕೇಳುವವರು ಯಾರು ಎಂದ. ಅವನ ಕಣ್ಣಿನಲ್ಲಿ ನೀರಿತ್ತು. ನಾನು ಚಪ್ಪಲಿ ಹಾಕಿಕೊಂಡೆ.

"ಕಿಡ್ನಿ ನನ್ನ ಮಾತು ಕೇಳುದಿಲ್ಲ, ಅದು ಸರಿ. ಅದಕ್ಕೆ ನಾನು ವೋಟು ಹಾಕಿದ್ದಲ್ಲ. ಸರಕಾರಕ್ಕೆ ಹಾಕಿದ್ದೇನೆ ಅಣ್ಣ. ಅದು ಕೇಳಬೇಕು."